ಕೆಲ್ಲಿ ಬಿಚ್ಚಿದರೆ ಮಡ್ ಸ್ನಾನ: ಒಂದು ವಾಲ್ವಿನ ಜೊತೆ ನನ್ನ ಅನುಭವ

ನಾನು ಕೋಲಾರದ ಕಡೆಯವನು. ನಮ್ಮ ಕಡೆ ಬೋರ್‌ವೆಲ್ ಲಾರಿ ಹಿಂದೆ ಓಡದ ಹುಡುಗರಿಲ್ಲ. ತೈಲಬಾವಿ ಕೊರೆಯುವ ರಿಗ್ಗಿನಲ್ಲಿ ಕೆಲಸ ಸಿಕ್ತು ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿ ಎಷ್ಟಡಿಗೆ ನೀರು ಬೀಳ್ತದೋ?"

ಊರಿನ ಬೋರ್‌ವೆಲ್‌ನಲ್ಲಿ ಗಾಳಿ ಊದಿ ಕಲ್ಲುಪುಡಿ ಮೇಲಕ್ಕೆ ತರುತ್ತಾರೆ. ನಮ್ಮಲ್ಲಿ ಆ ಕೆಲಸ ಮಡ್‌ನದು. ಹೆಸರಿಗೆ ಮಣ್ಣು, ಆದರೆ ಅದು ಸುಮ್ನೆ ಕೆಸರಲ್ಲ. ಕಚ್ಛ್‌ನಿಂದ ಬಂದ ಬೆಂಟೊನೈಟ್ ಜೇಡಿ, ಆಂಧ್ರದ ಮಂಗಂಪೇಟೆಯ ಬೆರೈಟ್ಸ್ ಅನ್ನೋ ಭಾರದ ಕಲ್ಲುಪುಡಿ, ಮೇಲೆ ಉಪ್ಪು, ಪಾಲಿಮರ್. ಪೈಪಿನೊಳಗೆ ಇಳಿದು, ತುದಿಯಲ್ಲಿ ಕೊರೆಯುವ ಬಿಟ್‌ನಿಂದ ಹೊರಬಿದ್ದು, ಪುಡಿ ಹೊತ್ತುಕೊಂಡು ಮೇಲೆ ಬರುತ್ತದೆ. ತಳದ ಗ್ಯಾಸ್ ನುಗ್ಗದಂತೆ ತನ್ನ ಭಾರದಿಂದಲೇ ಅದುಮಿ ಹಿಡಿಯುತ್ತದೆ.

ನಾನಿದ್ದದ್ದು ರಾಜಮಂಡ್ರಿ ಕಡೆ, ಕೋನಸೀಮೆಯ ತೆಂಗಿನ ತೋಟಗಳ ನಡುವೆ. ಹಳೇ ಕೆಲ್ಲಿ ರಿಗ್. ಕೆಲ್ಲಿ ಅಂದರೆ ಪೈಪ್‌ಗಳ ಮೇಲ್ತುದಿಗೆ ಕೂರುವ ಆರು ಮೂಲೆಯ ಉದ್ದನೆ ಕೊಳವೆ. ರೋಟರಿ ಟೇಬಲ್ ಅದನ್ನು ತಿರುಗಿಸುತ್ತದೆ, ಪಂಪಿನ ಮಡ್ ಅದರೊಳಗಿಂದಲೇ ಇಳಿಯುತ್ತದೆ. ಪ್ರತಿ ಒಂಬತ್ತೂವರೆ ಮೀಟರ್ ಕೊರೆದ ಮೇಲೆ ಪಂಪ್ ನಿಲ್ಲಿಸಿ, ಪೈಪ್ ಜಾರದಂತೆ ಸ್ಲಿಪ್ಸ್ ಅನ್ನೋ ಬೆಣೆ ಹಾಕಿ, ಕೆಲ್ಲಿ ಬಿಚ್ಚಿ, ಹೊಸ ಪೈಪ್ ಸೇರಿಸಬೇಕು. ಬಿಚ್ಚಿದ ತಕ್ಷಣ ಕೆಲ್ಲಿಯಲ್ಲಿ ನಿಂತಿದ್ದ ಮಡ್ ಎಲ್ಲಾ ದಬದಬ ಅಂತ ಕೆಳಗೆ. ಪೈಪ್ ಬಿಚ್ಚುವ ದೊಡ್ಡ ಇಕ್ಕಳ, ಅಂದರೆ ಟಾಂಗ್, ಹಿಡಿದು ನಿಂತವರಿಗೆ ಸೊಂಟದಿಂದ ಕೆಳಗೆ ಸ್ನಾನ.

ಒಂದು ರಾತ್ರಿ ಶಿಫ್ಟಿನಲ್ಲಿ ಸುಮ್ನೆ ಲೆಕ್ಕ ಹಾಕಿದೆ. ನಮ್ಮ ಕೆಲ್ಲಿ 40 ಅಡಿ, ಒಳಗಿನ ತೂತು ಮೂರೂಕಾಲು ಇಂಚು. ಅದರಲ್ಲಿ ಹಿಡಿಯೋದು ಸುಮಾರು 65 ಲೀಟರ್. ಎರಡೂವರೆ ಸಾವಿರ ಮೀಟರ್ ಬಾವಿಗೆ ಹತ್ತಿರ ಹತ್ತಿರ 260 ಸಲ ಬಿಚ್ಚಬೇಕು. ಸುಮಾರು 17 ಸಾವಿರ ಲೀಟರ್! ಕೆಲ್ಲಿಗೆ ಮಡ್ ತರುವ ಹೋಸ್‌ನಿಂದ ಇಳಿಯೋದು ಬೇರೆ. ಸ್ವಲ್ಪ ವಾಪಸ್ ಸೇರುತ್ತಿತ್ತು, ಉಳಿದದ್ದು ಫ್ಲೋರ್ ತೊಳೆದ ನೀರಿನ ಜೊತೆ ವೇಸ್ಟ್ ಗುಂಡಿಗೆ. ಬೇಲಿಯಾಚೆ ಭತ್ತದ ಗದ್ದೆ. ಜೋರು ಮಳೆ ಬಂದ ದಿನ ಗುಂಡಿಯ ಅಂಚು ನೋಡ್ತಾ ನಿಲ್ಲೋದೇ ಒಂದು ಕೆಲಸ.

ಇದನ್ನು ತಪ್ಪಿಸಲು ನಮ್ಮವರು ಒಂದು ಅಡ್ಡದಾರಿ ಹಿಡಿದಿದ್ದರು. ಕೆಲ್ಲಿಯ ಕೆಳಗೆ ಕೆಲ್ಲಿ ಕಾಕ್ ಅಂತ ಒಂದು ಬಾಲ್ ವಾಲ್ವ್ ಇರುತ್ತದೆ. ಬಾವಿಯಿಂದ ಗ್ಯಾಸ್ ಒಳಗಿನ ದಾರಿಯಲ್ಲಿ ಮೇಲೆ ನುಗ್ಗಿದರೆ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿ ಮುಚ್ಚೋದಕ್ಕೆ. ಪ್ರಾಣ ಉಳಿಸುವ ವಾಲ್ವ್. ನಮ್ಮವರು ಅದನ್ನೇ ನಲ್ಲಿ ಮಾಡಿಕೊಂಡಿದ್ದರು. ಪ್ರತಿ ಸಲ ಮುಚ್ಚು, ಬಿಚ್ಚು, ಪೈಪ್ ಸೇರಿಸು, ತೆರೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಒಂದು ಬೆಳಗಿನ ಜಾವ ತೆರೆಯೋದು ಮರೆತೆವು. ಪಂಪ್ ಶುರುವಾಯಿತು. ಮುಚ್ಚಿದ ಬಾಗಿಲಿಗೆ ಮಡ್ ಗುದ್ದಿತು, ಒತ್ತಡ ಮಿತಿಮೀರಿದರೆ ಬಿಟ್ಟುಕೊಡುವ ಪಂಪಿನ ರಿಲೀಫ್ ವಾಲ್ವಿನ ಪಿನ್ ಪಟ್ ಅಂತ ಮುರಿಯಿತು. ಆ ಸದ್ದಿಗೆ ಟೀ ಗ್ಲಾಸ್ ಕೈಯಿಂದ ಬಿತ್ತು. ಪಿನ್ ಹೋದರೆ ಹೋಗಲಿ, ಅದು ಇರೋದೇ ಮುರಿಯೋಕೆ. ಹೆದರಿಸಿದ್ದು ಅದೇ ವಾರದ ಪ್ರೆಶರ್ ಟೆಸ್ಟ್. ಕೆಲ್ಲಿ ಕಾಕ್ ಒತ್ತಡ ಹಿಡಿಯಲೇ ಇಲ್ಲ. ಗೇಜಿನ ಮುಳ್ಳು ಕಣ್ಣೆದುರೇ ಇಳಿಯಿತು. ಅರ್ಧಂಬರ್ಧ ತೆರೆದಿದ್ದಾಗ ಹರಿದ ಮಡ್, ಅದರಲ್ಲಿದ್ದ ಮರಳು, ಬಾಲಿನ ಅಂಚನ್ನೂ ಅದು ಒತ್ತಿ ಕೂರುವ ಸೀಟನ್ನೂ ಕೊರೆದು ಹಾಕಿತ್ತು. ಆ ವಾರ ಬಾವಿ ಏನಾದರೂ ಕೆಣಕಿದ್ದರೆ?

ಆಮೇಲೆ ಹಠ ಹಿಡಿದು ಮಡ್ ಸೇವರ್ ವಾಲ್ವ್ ತರಿಸಿದೆವು. ಯಂತ್ರ ಬಲು ಸರಳ. ಒಳಗೊಂದು ಪಿಸ್ಟನ್, ಅದನ್ನು ಮುಚ್ಚಿ ಹಿಡಿಯಲು ಬಲವಾದ ಸ್ಪ್ರಿಂಗ್. ಪಂಪಿನ ಒತ್ತಡ ಬಂದರೆ ತಾನೇ ತೆರೆಯುತ್ತದೆ, ಪಂಪ್ ನಿಂತರೆ ತಾನೇ ಮುಚ್ಚುತ್ತದೆ. ಕೀಲಿ ಬೇಡ, ಮರೆವಿನ ಭಯವಿಲ್ಲ. ಕೆಲ್ಲಿ ಕಾಕ್ ಕೆಳಗೆ ಇದನ್ನು ಹಾಕಿ, ಅದರ ಕೆಳಗೆ ಸೇವರ್ ಸಬ್ ಅನ್ನೋ ಗಿಡ್ಡ ಪೈಪ್ ತುಂಡು ಹಾಕಿದೆವು. ಹುಡುಗರಿಗೆ ಒಂದೇ ಮಾತು ಹೇಳಿದ್ದು: ಟಾಂಗ್ ಬಾಯಿ ವಾಲ್ವಿನ ಮೈ ಮೇಲೆ ಕೂರಬಾರದು, ಸಬ್ ಮೇಲೆ ಮಾತ್ರ. ಮೈ ಅದುಮಿದರೆ ಒಳಗಿನ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ.

ಒಂದು ಬಾವಿಯಿಡೀ ಚೆನ್ನಾಗಿ ನಡೆಯಿತು. ಎರಡನೇ ಬಾವಿಯಲ್ಲಿ ಆಳ ಹೋದಂತೆ ಬೆರೈಟ್ಸ್ ಹಾಕಿ ಮಡ್ ತೂಕವನ್ನು ನೀರಿನ 1.2 ಪಟ್ಟಿನಿಂದ 1.7 ಪಟ್ಟಿಗೆ ಏರಿಸಿದರು. ವಾಲ್ವ್ ಸೋರತೊಡಗಿತು. ಮೊದಲು ತೊಟ್ಟು, ಆಮೇಲೆ ಧಾರೆ. "ಮಡ್ ಭಾರ ಆಯ್ತು ಸಾರ್, ಸ್ಪ್ರಿಂಗ್ ತಡೀತಿಲ್ಲ" ಅಂದರು ಎಲ್ಲರೂ. ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಬೇರೆ ಹೇಳಿತು. ವಾಲ್ವಿನ ಮೇಲೆ ನಿಲ್ಲುವ ಮಡ್ ಹೆಚ್ಚೆಂದರೆ 15 ಮೀಟರ್. 1.2 ತೂಕಕ್ಕೆ ಅದರ ಒತ್ತಡ ಚದರ ಸೆಂಟಿಮೀಟರಿಗೆ 1.8 ಕೆಜಿ, ಅಂದರೆ 26 ಪಿಎಸ್‌ಐ (ಚದರ ಇಂಚಿಗೆ ಪೌಂಡ್). 1.7ಕ್ಕೆ 36. ನಮ್ಮ ವಾಲ್ವ್ ತೆರೆಯಲು ನೂರಕ್ಕೂ ಜಾಸ್ತಿ ಪಿಎಸ್‌ಐ ಬೇಕಿತ್ತು. ಹತ್ತು ಪಿಎಸ್‌ಐಗೆ ಸೋಲುವ ಸ್ಪ್ರಿಂಗ್ ಅಲ್ಲ ಅದು.

ಬಿಚ್ಚಿ ನೋಡಿದೆವು. ಸೀಟಿನ ಮೇಲೆ ಅಡ್ಡಲಾಗಿ ಒಂದು ರಬ್ಬರ್ ಚೂರು, ಹುಣಸೆಬೀಜದಷ್ಟು. ಮಡ್ ಪಂಪಿನ ಪಿಸ್ಟನ್ನಿನದು. ಅದು ಕೂತಿದ್ದ ಸಂದಿಯಲ್ಲೇ ಸೀಟಿಗೆ ಉಗುರು ಗೀರಿದಂತೆ ಗೆರೆ. ಪಂಪಿನ ಕಡೆ ಹೋಗಿ ಸ್ಟ್ರೈನರ್ ತೆರೆದರೆ ಒಳಗೆ ಜಾಲರಿಯೇ ಇಲ್ಲ! ಯಾರೋ ತೊಳೆಯೋಕೆ ತೆಗೆದವರು ವಾಪಸ್ ಹಾಕಿರಲಿಲ್ಲ. ಜಾಲರಿ ಹಾಕಿ, ಸೀಟ್ ಬದಲಿಸಿದೆವು. ಸೋರಿಕೆ ನಿಂತಿತು. ಅಂದಿನಿಂದ ಪ್ರತಿ ಬಾವಿ ಮುಗಿದ ಮೇಲೆ ವಾಲ್ವನ್ನು ವರ್ಕ್‌ಶಾಪಿನಲ್ಲಿ ಬಿಚ್ಚಿ ತೊಳೆದು, ಹ್ಯಾಂಡ್ ಪಂಪ್ ಜೋಡಿಸಿ ಎಷ್ಟಕ್ಕೆ ತೆರೆಯುತ್ತದೆ ಅಂತ ನೋಡಿ ಬರೆದಿಡುತ್ತಿದ್ದೆ.

ಹೊಸಬರು ಇನ್ನೊಂದು ಕಡೆ ಎಡವುತ್ತಾರೆ. ಪಂಪ್ ನಿಂತಾಗ ಒತ್ತಡ ಪೂರ್ತಿ ಸೊನ್ನೆಗೆ ಇಳಿಯುವ ಮುಂಚೆಯೇ ವಾಲ್ವ್ ಮುಚ್ಚುತ್ತದೆ. ಹಾಗಾಗಿ ಅದರ ಮೇಲೆ, ಕೆಲ್ಲಿಯಲ್ಲಿ, ಹೋಸ್‌ನಲ್ಲಿ ಒಂದಿಷ್ಟು ಒತ್ತಡ ಉಳಿದುಬಿಡುತ್ತದೆ. ಹೋಸ್‌ಗೆ ಮಡ್ ಏರಿಸುವ ಸ್ಟ್ಯಾಂಡ್‌ಪೈಪಿನ ಗೇಜಿನಲ್ಲಿ ಅದನ್ನು ನೋಡಿದವರು ಬಾವಿಯೇ ಒತ್ತುತ್ತಿದೆ ಅಂತ ಗಾಬರಿ ಬೀಳುತ್ತಾರೆ. ನಾನು ಮೊದಲು ಬ್ಲೀಡ್ ವಾಲ್ವ್ ತೆರೆದು ಆ ಒತ್ತಡ ಬಿಟ್ಟು, ಮತ್ತೆ ಮುಚ್ಚಿ ಗೇಜ್ ನೋಡುತ್ತಿದ್ದೆ. ನಮ್ಮ ವಾಲ್ವಿನಲ್ಲಿ ಕೆಳಗಿನ ಒತ್ತಡ ಮೇಲಕ್ಕೆ ದಾಟಲು ಪುಟ್ಟ ಒಮ್ಮುಖ ದಾರಿ ಇತ್ತು. ಬಾವಿ ನಿಜವಾಗಿ ಒತ್ತುತ್ತಿದ್ದರೆ ಮುಳ್ಳು ಮತ್ತೆ ಏರುತ್ತದೆ. ಏರದಿದ್ದರೆ ಅದು ಸಿಕ್ಕಿಕೊಂಡಿದ್ದ ಒತ್ತಡ, ಅಷ್ಟೇ. ವಾಲ್ವ್ ಕೊಳ್ಳುವಾಗ ಈ ದಾರಿ ಇದೆಯಾ ಅಂತ ಕೇಳಲೇಬೇಕು.

ಕೆಲ್ಲಿ ಕಾಕಿನ ಕೀಲಿಗೆ ಕೆಂಪು ಬಣ್ಣ ಬಳಿದು ಡ್ರಿಲ್ಲರ್ ಪಕ್ಕದ ಕೊಕ್ಕೆಗೆ ಹಾಕಿದೆ. ಮೊದಮೊದಲು ಪೈಪ್ ಸೇರಿಸುವ ಹೊತ್ತು ಬಂದಾಗೆಲ್ಲ ಹುಡುಗರ ಕೈ ಅಭ್ಯಾಸಬಲದಿಂದ ಅತ್ತ ಹೋಗುತ್ತಿತ್ತು. "ಅದು ನಲ್ಲಿ ಅಲ್ಲಪ್ಪಾ" ಅಂತ ಕೂಗುತ್ತಿದ್ದೆ, ನನ್ನ ಕೋಲಾರದ ತೆಲುಗಿನಲ್ಲಿ. ಹದಿನಾಲ್ಕು ದಿನದ ಡ್ಯೂಟಿ ಮುಗಿಸಿ ಹೊರಟಾಗ ಒಬ್ಬ ರಿಗ್‌ಮ್ಯಾನ್ ಬೂಟು ತೋರಿಸಿ ನಕ್ಕ. ಒಳಗೆ ಕಾಲುಚೀಲ ಒಣಗಿತ್ತು.