ಕಾಪು ಬೀಚಿನ ಜನಜಂಗುಳಿ ಫೋಟೋದಿಂದ ಮಾಯವಾದ ಬಗೆ

ಕಾಪು ಬೀಚಿನ ಫೋಟೋದಲ್ಲಿ ಜನ ಇಲ್ಲದ ಹಾಗೆ ಮಾಡುವುದು ಹೇಗೆ ಎಂದು ಕೇಳಿದರೆ, "ಬೆಳಿಗ್ಗೆ ಬೇಗ ಹೋಗಿ ಮಾರಾಯ್ರೆ, ಇಲ್ಲದಿದ್ರೆ ಎಐಗೆ ಬಿಡಿ" ಅಂದವರೇ ಜಾಸ್ತಿ. ಬೆಳಿಗ್ಗೆ ಹೋದರೆ ಕಾಪು ದೀಪಸ್ತಂಭದ ಹಿಂದೆ ಸೂರ್ಯಾಸ್ತ ಎಲ್ಲಿಂದ ಬರಬೇಕು? ಜನರನ್ನು ಅಳಿಸಿದ ಜಾಗಕ್ಕೆ ಎಐ ತುಂಬಿಸಿದ ಬಂಡೆ ಮೊಬೈಲಲ್ಲಿ ಚಂದವೇ, 12×18 ಇಂಚಿನ ಪ್ರಿಂಟಲ್ಲಿ ಮಾತ್ರ ಬೆಣ್ಣೆ ಸವರಿದ ಹಾಗೆ ಕಾಣುತ್ತದೆ. ಆಳನ್ನು ಅಳಿಸಿದರೂ ಒದ್ದೆ ಮರಳಲ್ಲಿ ಅವನ ಪ್ರತಿಬಿಂಬ ಅಲ್ಲೇ ಬಿದ್ದಿರುತ್ತದೆ. ಬೆಳಕನ್ನು ತಡೆದು ಶಟರ್ ತುಂಬಾ ಹೊತ್ತು ತೆರೆದಿಡಲು ಬಿಡುವ ಕಪ್ಪು ಗಾಜು, 10 ಸ್ಟಾಪ್ ಎನ್‌ಡಿ ಫಿಲ್ಟರಿಗೆ 4,500 ರೂಪಾಯಿ ಹತ್ತಿರ ಹೋಯಿತು. ನಡೆಯುವವರು ಮಾಯವಾದರು, ಸೆಲ್ಫಿಗೆ ನಿಂತವರು ಮಸುಕಾಗಿ ಉಳಿದರು, ಅಲೆಯ ಆಕಾರವೂ ಹೋಯಿತು.

ಕೊನೆಗೆ ಕೈಹಿಡಿದದ್ದು ಫೋಟೋಶಾಪಿನ ಮೀಡಿಯನ್ ಸ್ಟ್ಯಾಕ್: ಒಂದೇ ಜಾಗದಿಂದ ತೆಗೆದ ಹಲವು ಫ್ರೇಮ್ ಒಂದರ ಮೇಲೊಂದು ಇಟ್ಟು, ಪ್ರತಿ ಚುಕ್ಕೆಗೂ ಅವುಗಳ ನಡುವಿನ ಬೆಲೆಯನ್ನು ಮಾತ್ರ ಉಳಿಸುವುದು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನುವಲ್. 15-20 ಸೆಕೆಂಡಿಗೊಂದರಂತೆ ಸುಮಾರು 20 ಫ್ರೇಮ್. ಒಂದು ಜಾಗದಲ್ಲಿ ಒಬ್ಬ ಅರ್ಧಕ್ಕಿಂತ ಕಡಿಮೆ ಫ್ರೇಮಲ್ಲಿ ಇದ್ದರೆ ಸಾಕು, ನೆರಳು-ಪ್ರತಿಬಿಂಬದ ಸಮೇತ ಹೋಗುತ್ತಾನೆ. ಎಲ್ಲ ಫ್ರೇಮಿನ ಸರಾಸರಿ ತೆಗೆಯುವ ಮೀನ್ ಮೋಡ್ ಸಹ ಹಾಕಿ ನೋಡಿದೆ. ಎಲ್ಲರೂ ತೆಳುವಾಗಿ ಉಳಿಯುತ್ತಾರೆ, ಬೇಡ. ಟ್ರೈಪಾಡಿನ ಕಾಲನ್ನು ಮೊದಲೇ ಮರಳಿಗೆ ಒತ್ತಿ ಇಳಿಸಿ, ಇಲ್ಲದಿದ್ದರೆ ಒಂದೊಂದು ಅಲೆಗೂ ಕುಸಿಯುತ್ತದೆ. ಫ್ರೇಮುಗಳನ್ನು ತಾನೇ ಒಂದರ ಮೇಲೊಂದು ಹೊಂದಿಸುವ ಆಟೋ ಅಲೈನ್ ಸ್ವಲ್ಪ ಸರಿಮಾಡುತ್ತದೆ, ಆದರೆ ಅಂಚು ಕತ್ತರಿಸಬೇಕಾಗುತ್ತದೆ. ಹಾಗಾಗಿ ತುಸು ಅಗಲವಾಗಿಯೇ ತೆಗೆಯಿರಿ.

ಎಲ್ಲರೂ ಸೋಲುವುದು ಸಮುದ್ರದಲ್ಲಿ. ನೊರೆಯೂ ಒಂದೇ ಜಾಗದಲ್ಲಿ ಕೆಲವೇ ಫ್ರೇಮಲ್ಲಿ ಇರುವುದರಿಂದ ಮೀಡಿಯನ್ ಅದನ್ನೂ ಜನರ ಜೊತೆ ಒರೆಸಿ ಹಾಕುತ್ತದೆ. ಐದಾರು ನಿಮಿಷದಲ್ಲಿ ಮೋಡ ಸರಿದು, ಬೆಳಕೂ ಇಳಿದಿರುತ್ತದೆ. ಆದ್ದರಿಂದ ಮರಳು, ಬಂಡೆ, ಸ್ತಂಭ ಮಾತ್ರ ಸ್ಟ್ಯಾಕಿನದ್ದು. ಸಮುದ್ರ ಮತ್ತು ಆಕಾಶ ಒಳ್ಳೆಯ ಒಂದೇ ಫ್ರೇಮಿನದ್ದು, ಮಾಸ್ಕ್ ಹಾಕಿ, ಅಂದರೆ ಬೇಡದ ಭಾಗ ಮುಚ್ಚಿ, ಸೇರಿಸಿದ್ದು. ಸ್ಟ್ಯಾಕ್ ಆದ ಭಾಗದಲ್ಲಿ ನಾಯ್ಸ್ (ಚಿತ್ರದ ಸಣ್ಣ ಕಾಳು ಕಾಳು) ತುಂಬಾ ಕಡಿಮೆ, ಒಂಟಿ ಫ್ರೇಮಿನಲ್ಲಿ ಹಾಗೇ ಇರುತ್ತದೆ, ಪ್ರಿಂಟಲ್ಲಿ ಆ ಗಡಿ ಎದ್ದು ಕಾಣುತ್ತದೆ. ಎರಡೂ ಹೊಂದಲು ಮರಳಿನ ಮೇಲೆ ಗ್ರೇನ್, ಅಂದರೆ ಬೇಕೆಂದೇ ಅಂಥ ಕಾಳು, ಹಾಕಲೇಬೇಕು. ಎಷ್ಟು, ಯಾವ ಮೋಡ್‌ನಲ್ಲಿ ಎನ್ನುವುದು ನನ್ನ ಹತ್ತಿರವೇ ಇರಲಿ.

24 ಮೆಗಾಪಿಕ್ಸೆಲ್ಲಿನ 16 ಬಿಟ್ ಫ್ರೇಮ್ 20 ಸೇರಿದರೆ 3 ಜಿಬಿ ಹತ್ತಿರ. ಫೋಟೋಶಾಪಿನ ಮಾಮೂಲಿ ಫೈಲ್ ಪಿಎಸ್‌ಡಿ 2 ಜಿಬಿಗೇ ನಿಲ್ಲುತ್ತದೆ, ದೊಡ್ಡ ಫೈಲಿಗೆ ಇರುವ ಪಿಎಸ್‌ಬಿಯಲ್ಲಿ ಸೇವ್ ಮಾಡಿ. 8 ಜಿಬಿ ರ‍್ಯಾಮ್ ಒದ್ದಾಡುತ್ತದೆ. ನನ್ನ ದುಡ್ಡಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಫಿಲ್ಟರ್ ಅಲ್ಲ, ರ‍್ಯಾಮ್.

ಅಲ್ಲಾಡದ ಗಾಡಿ, ಎಳೆದಿಟ್ಟ ದೋಣಿಗೆ ಇದು ನಡೆಯುವುದಿಲ್ಲ. ಮಲ್ಪೆ ಪಡುಕೆರೆಯಲ್ಲಿ ಎರಡು ಹೆಜ್ಜೆ ಬದಿಗೆ ಸರಿದು ಇನ್ನೊಂದು ಸೆಟ್ ತೆಗೆದು, ದೋಣಿಯ ಹಿಂದಿನ ಮರಳನ್ನು ಅದರಿಂದ ತಂದು ನೋಡಿದೆ. ಸಪಾಟು ಮರಳಿಗೆ ಚೆನ್ನಾಗಿ ಕೂತಿತು, ಹಿಂದೆ ತೆಂಗಿನ ಸಾಲು ಇದ್ದಲ್ಲಿ ಹೊಂದಲಿಲ್ಲ. ಗದ್ದೆಯ ಮೇಲಿನ ಕರೆಂಟ್ ತಂತಿಗೆ ಆಕಾಶದಲ್ಲಿ ಸುತ್ತಲಿನ ಬಣ್ಣಕ್ಕೆ ಬೆರೆಸಿ ಒರೆಸುವ ಹೀಲಿಂಗ್ ಬ್ರಷ್ ಸಾಕು, ಶಿಫ್ಟ್ ಒತ್ತಿ ಎರಡು ತುದಿ ಕ್ಲಿಕ್ ಮಾಡಿದರೆ ನೇರ ಹೋಗುತ್ತದೆ. ಮಡಲಿನ ಹತ್ತಿರ ಮಾತ್ರ ನಿಲ್ಲಿಸಿ: ಹೀಲಿಂಗ್ ಹಸಿರನ್ನು ಆಕಾಶಕ್ಕೆ ಎಳೆಯುತ್ತದೆ. ಅಲ್ಲಿ 80% ಹಾರ್ಡ್‌ನೆಸ್ಸಿನ (ಅಂಚು ಸಾಕಷ್ಟು ಚೂಪಾದ) ಕ್ಲೋನ್ ಬ್ರಷ್, ಒಂದು ಗರಿಯಿಂದ ನಕಲು ತೆಗೆದು ಇನ್ನೊಂದು ಗರಿಗೆ.