ಕಾಡು ಶುಂಠಿಯ ಎಣ್ಣೆಯಲ್ಲಿ ಏನಿದೆ? ನಾನು ಪತ್ತೆ ಹಚ್ಚಿದ ಬಗೆ

ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಕಾಫಿ ತೋಟದ ಅಂಚಿನಲ್ಲಿ, ತೋಡಿನ ಬದಿಯ ನೆರಳಲ್ಲಿ ಕಾಡು ಶುಂಠಿ ಎದ್ದು ನಿಲ್ಲುತ್ತದೆ. ನಾನು ಕೆಲಸ ಮಾಡಿದ್ದು ಜಿಂಜಿಬರ್ ಜೆರುಂಬೆಟ್ ಎಂಬ ಜಾತಿಯ ಮೇಲೆ. ಸುಮ್ನೆ ಎಲೆ ನೋಡಿ ಇದೇ ಅಂತ ಹೇಳಬೇಡಿ, ಶುಂಠಿ ಕುಟುಂಬದಲ್ಲಿ ಎಷ್ಟೋ ಗಿಡಗಳ ಎಲೆ ಒಂದೇ ಥರ ಇರುತ್ತವೆ. ಹೂವಿಗೆ ಕಾಯಬೇಕು. ನೆಲದಿಂದ ಬೇರೆಯೇ ದಂಟು ಎದ್ದು ಅದರ ತುದಿಯಲ್ಲಿ ಹೂಗೊಂಚಲು ಬರುತ್ತದೆ, ಮೊದಲು ಹಸಿರು, ಆಮೇಲೆ ಕೆಂಪು, ಹಿಸುಕಿದರೆ ಲೋಳೆ ನೀರು. ಹೂ, ಎಲೆ, ಗೆಡ್ಡೆ ಎಲ್ಲ ಇರುವ ಒಂದು ಗಿಡವನ್ನು ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆ ಮಾಡಿಟ್ಟೆ. ಇದು ಯಾವ ಗಿಡ ಎಂಬುದಕ್ಕೆ ಆ ಪುರಾವೆ ಇಲ್ಲದಿದ್ದರೆ ಮುಂದಿನ ಲ್ಯಾಬ್ ಕೆಲಸಕ್ಕೆ ಬೆಲೆಯೇ ಇಲ್ಲ. ಗೆಡ್ಡೆ ಅಗೆದದ್ದು ನಮ್ಮದೇ ತೋಟದಲ್ಲಿ. ಮೀಸಲು ಅರಣ್ಯದಿಂದ ತೆಗೆಯುವುದಾದರೆ ಇಲಾಖೆಯ ಅನುಮತಿ ಬೇಕೇ ಬೇಕು.

ಗೆಡ್ಡೆ ತೊಳೆದು, ತೆಳುವಾಗಿ ಹೆಚ್ಚಿ, ನೀರು ಹಾಕಿ ಎಣ್ಣೆ ಬಟ್ಟಿ ಇಳಿಸುವ ಕ್ಲೆವೆಂಜರ್ ಉಪಕರಣದಲ್ಲಿ ನಾಲ್ಕು ಗಂಟೆ ಕುದಿಸಿದೆ. ಆವಿಯ ಜೊತೆ ಬಂದ ಎಣ್ಣೆಯ ತೇವವನ್ನು ಸೋಡಿಯಂ ಸಲ್ಫೇಟ್ ಹಾಕಿ ತೆಗೆದು, ದ್ರಾವಕವಾದ ಹೆಕ್ಸೇನ್‌ನಲ್ಲಿ ತೆಳು ಮಾಡಿ, ಕಾಲಮ್ ಎಂಬ ಸಣ್ಣ ಕೊಳವೆಯಲ್ಲಿ ಹಾಯಿಸಿ ಅಂಶಗಳನ್ನು ಬಿಡಿಸಿ ಒಂದೊಂದರ ಅಣುತೂಕ ತೋರಿಸುವ ಯಂತ್ರವಾದ ಜಿಸಿ-ಎಂಎಸ್‌ಗೆ ಕೊಟ್ಟೆ.

ಕಷ್ಟದ ಕೆಲಸ ಶುರುವಾಗುವುದು ಇಲ್ಲಿ. ಯಂತ್ರದ ಗ್ರಾಫಿನಲ್ಲಿ ಒಂದೊಂದು ಅಂಶವೂ ಒಂದು ಪೀಕ್, ಅಂದರೆ ಏರು, ಆಗಿ ಕಾಣುತ್ತದೆ. ಕಂಪ್ಯೂಟರ್ ಪ್ರತಿ ಪೀಕ್‌ಗೂ ತನ್ನ ಲೈಬ್ರರಿಯಿಂದ ಒಂದು ಹೆಸರು ಕೊಡುತ್ತದೆ, ತುಂಬ ಜನ ಅದನ್ನೇ ಟೇಬಲ್ ಮಾಡಿ ಮುಗಿಸಿಬಿಡುತ್ತಾರೆ. ಅದು ಸಾಲದು. ಎಣ್ಣೆಯಲ್ಲಿರುವ ಹ್ಯುಮುಲೀನ್, ಕ್ಯಾರಿಯೋಫಿಲೀನ್ ಎಂಬ ಸಂಯುಕ್ತಗಳು ಎರಡರ ಅಣುತೂಕವೂ 204, ಸ್ಪೆಕ್ಟ್ರಮ್ (ಅಣು ಒಡೆದಾಗ ಸಿಗುವ ತುಣುಕುಗಳ ತೂಕದ ಚಿತ್ರ) ನೋಡಿದರೆ ಅಕ್ಕತಂಗಿಯರ ಮುಖದ ಹಾಗೆ. ಅದಕ್ಕೇ ಅದೇ ಕಾಲಮ್‌ನಲ್ಲಿ ಆಲ್ಕೇನ್ ಎಂಬ ಹೈಡ್ರೋಕಾರ್ಬನ್‌ಗಳ ಮಿಶ್ರಣ ಓಡಿಸಿ, ಪ್ರತಿ ಪೀಕ್‌ಗೂ ರಿಟೆನ್ಷನ್ ಇಂಡೆಕ್ಸ್, ಅಂದರೆ ಆಲ್ಕೇನ್‌ಗಳಿಗೆ ಹೋಲಿಸಿದರೆ ಅದು ಯಾವಾಗ ಹೊರಬರುತ್ತದೆ ಎಂಬ ಸಂಖ್ಯೆ, ಲೆಕ್ಕ ಹಾಕಿದೆ. ಡಿಬಿ-5 ಎಂಬ ಬಗೆಯ ಕಾಲಮ್‌ನಲ್ಲಿ ಕ್ಯಾರಿಯೋಫಿಲೀನ್ 1420ರ ಹತ್ತಿರ, ಹ್ಯುಮುಲೀನ್ 1455ರ ಹತ್ತಿರ ಬರುತ್ತವೆ, ಗೊಂದಲ ಮುಗೀತು. ಎಲ್ಲಕ್ಕಿಂತ ದೊಡ್ಡ ಪೀಕ್ 1730ರ ಆಸುಪಾಸು, ಅಣುತೂಕ 218. ಅದೇ ಜೆರುಂಬೋನ್, ಈ ಎಣ್ಣೆಯ ಮುಖ್ಯ ಸಂಯುಕ್ತ.

ಇದನ್ನು ಕಣ್ಣಾರೆ ನೋಡಲೂಬಹುದು! ಎಣ್ಣೆಯನ್ನು ಫ್ರಿಜ್‌ನಲ್ಲಿಟ್ಟೆ, ಬಿಳಿ ಹರಳು ಕಟ್ಟಿತು. ಹೆಕ್ಸೇನ್‌ನಲ್ಲಿ ಮತ್ತೆ ಹರಳು ಮಾಡಿ ಶುದ್ಧಗೊಳಿಸಿದಾಗ ಅದು ಕರಗಿದ್ದು ಸುಮಾರು 65 ಡಿಗ್ರಿಯಲ್ಲಿ, ಜೆರುಂಬೋನ್ ಕರಗಬೇಕಾದದ್ದೂ ಅಲ್ಲೇ. ಅಣುವಿನ ರಚನೆ ತೋರಿಸುವ ಎನ್ಎಂಆರ್ ಪರೀಕ್ಷೆ ಮಾಡಿಸಿದ ಮೇಲೆ ಅನುಮಾನವೇ ಉಳಿಯಲಿಲ್ಲ.

ಉಪಯೋಗ ಏನು ಅಂತ ಎಲ್ಲರೂ ಕೇಳುತ್ತಾರೆ. ಜೆರುಂಬೋನ್‌ನ ಉರಿಯೂತ ತಗ್ಗಿಸುವ, ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಡೆಯುವ ಗುಣ ಲ್ಯಾಬಿನ ಕೋಶಗಳಲ್ಲಿ, ಇಲಿಗಳಲ್ಲಿ ಕಂಡಿದೆ. ಅಷ್ಟಕ್ಕೇ ಕಾಡು ಶುಂಠಿಯ ಕಷಾಯ ಕುಡಿದರೆ ಕ್ಯಾನ್ಸರ್ ವಾಸಿ ಅಂತ ದಯವಿಟ್ಟು ಯಾರೂ ಹೇಳಬೇಡಿ, ರೋಗಿಯ ಜೀವದ ಪ್ರಶ್ನೆ ಅದು.

ಇನ್ನೊಂದು ವಿಷಯ. ಎಣ್ಣೆಯನ್ನು ಕಂದು ಬಣ್ಣದ ಸೀಸೆಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ತಣ್ಣಗಿಡಿ. ಗಾಳಿ ತಾಗಿದರೆ ಹ್ಯುಮುಲೀನ್ ಆಮ್ಲಜನಕ ಸೇರಿಸಿಕೊಂಡು ಎಪಾಕ್ಸೈಡ್ ಎಂಬ ಬೇರೆ ಸಂಯುಕ್ತ ಆಗುತ್ತಾ ಹೋಗುತ್ತದೆ, ಆಮೇಲೆ ಗಿಡದಲ್ಲಿ ಇದ್ದದ್ದು ಯಾವುದು, ಸೀಸೆಯಲ್ಲಿ ಹುಟ್ಟಿದ್ದು ಯಾವುದು ಅಂತ ಹೇಳುವುದು ಕಷ್ಟ.