ದೊಡ್ಡ ತಾಂತ್ರಿಕ ಕೈಪಿಡಿಯ ಕಡತಗಳನ್ನು ಜೋಡಿಸಿಡುವ ಬಗೆ

ದಾವಣಗೆರೆಯ ನಮ್ಮ ಡಿಟಿಪಿ ಕೇಂದ್ರಕ್ಕೆ ಬರುವ ಕೆಲಸಗಳಲ್ಲಿ ಮದುವೆಯ ಆಹ್ವಾನ ಪತ್ರಿಕೆ, ಕರಪತ್ರ, ರಸೀದಿ ಪುಸ್ತಕಗಳೇ ಹೆಚ್ಚು. ಇವುಗಳ ನಡುವೆ ವರ್ಷಕ್ಕೆ ಎರಡೋ ಮೂರೋ ದೊಡ್ಡ ಕೈಪಿಡಿಗಳು ಬರುತ್ತವೆ: ಮೆಕ್ಕೆಜೋಳ ಬಿಡಿಸುವ ಯಂತ್ರದ ಬಳಕೆಯ ಕ್ರಮ, ಪಂಪ್‌ಸೆಟ್‌ನ ಬಿಡಿಭಾಗಗಳ ಪಟ್ಟಿ, ಹನಿ ನೀರಾವರಿಯ ಮಾರ್ಗದರ್ಶಿ. ಒಂದೇ ಹಾಳೆಯ ಆಹ್ವಾನ ಪತ್ರಿಕೆಯನ್ನು ಡೆಸ್ಕ್‌ಟಾಪಿನ ಮೇಲೆಯೇ ಇಟ್ಟುಕೊಂಡು ಸಂಜೆಯೊಳಗೆ ಮುಗಿಸಬಹುದು. ಮುನ್ನೂರು ಪುಟ, ಇನ್ನೂರು ಚಿತ್ರಗಳ ಕೈಪಿಡಿಯನ್ನು ಹಾಗೆ ಮಾಡಲು ಹೋದರೆ, ಪುಟ ಕಟ್ಟುವುದಕ್ಕಿಂತ ಕಳೆದುಹೋದ ಕಡತಗಳನ್ನು ಹುಡುಕುವುದಕ್ಕೇ ಹೆಚ್ಚು ದಿನ ಹಿಡಿಯುತ್ತದೆ. ಆದ್ದರಿಂದ ಮೊದಲ ಪುಟವನ್ನು ತೆರೆಯುವ ಮುಂಚೆಯೇ ಇಡೀ ಕೆಲಸಕ್ಕೆ ಒಂದು ಫೋಲ್ಡರ್ ಮಾಡಿ, ಅದರ ಒಳಗಿನ ವಿಭಾಗಗಳನ್ನು ಗೊತ್ತುಪಡಿಸಿ, ಕೆಲಸ ಮುಗಿಯುವವರೆಗೆ ಅವುಗಳ ಹೆಸರನ್ನಾಗಲಿ ಜಾಗವನ್ನಾಗಲಿ ಬದಲಿಸದಿರುವುದು ಅಗತ್ಯ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್ ಅನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಅದೇ ಬಗೆಯ ಪೇಜ್‌ಮೇಕರ್ ಮತ್ತು ಫ್ರೇಮ್‌ಮೇಕರ್‌ಗಳಲ್ಲಿಯೂ ಹಲವು ಕಡತಗಳನ್ನು ಒಂದು ಪುಸ್ತಕವಾಗಿ ಸೇರಿಸುವ ಸೌಲಭ್ಯವಿರುವುದರಿಂದ ಇದರ ಬಹುಭಾಗ ಅಲ್ಲಿಗೂ ಅನ್ವಯಿಸುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಪುಟದ ಮೇಲೆ ಕಾಣುವ ಚಿತ್ರ ಸಾಮಾನ್ಯವಾಗಿ ಆ ಕಡತದ ಒಳಗೆ ಇರುವುದಿಲ್ಲ. ಪ್ಲೇಸ್ ಮಾಡಿದಾಗ, ಅಂದರೆ ಚಿತ್ರವನ್ನು ಪುಟಕ್ಕೆ ತಂದಿಟ್ಟಾಗ, ಇನ್‌ಡಿಸೈನ್ ಚಿತ್ರದ ಒಂದು ನೋಟವನ್ನು ಮತ್ತು ಮೂಲಚಿತ್ರ ಇರುವ ಜಾಗದ ವಿಳಾಸವನ್ನು (ಇದೇ ಲಿಂಕ್) ಮಾತ್ರ ಇಟ್ಟುಕೊಳ್ಳುತ್ತದೆ. ಅಚ್ಚಿಗೆ ಹೋಗುವ ಪಿಡಿಎಫ್ ಮಾಡುವಾಗ ಆ ವಿಳಾಸಕ್ಕೆ ಹೋಗಿ ಮೂಲವನ್ನು ತರುತ್ತದೆ. ಗ್ರಾಹಕರ ಪೆನ್ ಡ್ರೈವ್‌ನಿಂದಲೇ ನೇರವಾಗಿ ಚಿತ್ರವನ್ನು ಪ್ಲೇಸ್ ಮಾಡಿದ್ದರೆ, ಅವರು ಪೆನ್ ಡ್ರೈವ್ ತೆಗೆದುಕೊಂಡು ಹೋದ ಕೂಡಲೇ ಲಿಂಕ್ ಕಡಿದುಹೋಗುತ್ತದೆ. ಬೇರೆ ತಂತ್ರಾಂಶದಿಂದ ಕಾಪಿ ಮಾಡಿ ಅಂಟಿಸಿದ ಚಿತ್ರಕ್ಕಂತೂ ಲಿಂಕೇ ಇರುವುದಿಲ್ಲ. ಮುಂದೆ ಮೂಲಚಿತ್ರವನ್ನು ತಿದ್ದಿದರೂ ಪುಟದ ಮೇಲಿನದು ಬದಲಾಗುವುದಿಲ್ಲ.

ನಾನು ಅನುಸರಿಸುವ ವಿಭಾಗಗಳು ಹೀಗಿವೆ. ‘ಮೂಲ’ ಎಂಬ ಫೋಲ್ಡರಿನಲ್ಲಿ ಗ್ರಾಹಕರು ಕೊಟ್ಟದ್ದೆಲ್ಲವೂ ಬಂದ ದಿನಾಂಕದೊಂದಿಗೆ ಬಂದ ಹಾಗೆಯೇ ಇರುತ್ತದೆ. ಅದನ್ನು ಯಾರೂ ತಿದ್ದುವಂತಿಲ್ಲ. ‘ಪಠ್ಯ’ದಲ್ಲಿ ತಿದ್ದಿದ ವರ್ಡ್ ಕಡತಗಳು, ‘ಚಿತ್ರ’ದಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಚಿತ್ರಗಳು, ‘ಪುಟ’ದಲ್ಲಿ ಅಧ್ಯಾಯಗಳ ಕಡತಗಳು ಮತ್ತು ಪುಸ್ತಕದ ಕಡತ, ‘ಪ್ರೂಫ್’ ಮತ್ತು ‘ಅಚ್ಚು’ ಎಂಬ ಎರಡರಲ್ಲಿ ಕ್ರಮವಾಗಿ ತಪ್ಪು ನೋಡಲು ಮತ್ತು ಮುದ್ರಣಕ್ಕೆ ಕಳುಹಿಸುವ ಪಿಡಿಎಫ್‌ಗಳು. ಓದುವ ಅನುಕೂಲಕ್ಕಾಗಿ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ರೋಮನ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗಳಿಂದಾದ ಚಿಕ್ಕ ಹೆಸರುಗಳನ್ನೇ ಇಡುವುದು ಕ್ಷೇಮ. ವಿಂಡೋಸ್‌ನಲ್ಲಿ ಕಡತದ ಪೂರ್ತಿ ವಿಳಾಸಕ್ಕೆ ಸಾಮಾನ್ಯವಾಗಿ 260 ಅಕ್ಷರಗಳ ಮಿತಿಯಿದ್ದು, ಫೋಲ್ಡರಿನೊಳಗೆ ಫೋಲ್ಡರ್ ಮಾಡುತ್ತಾ ಹೋದರೆ ಆ ಮಿತಿ ಬೇಗ ಮುಟ್ಟುತ್ತದೆ.

ಹೆಸರಿಡುವುದರ ಮಹತ್ವ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಒಮ್ಮೆ ಮೆಕ್ಕೆಜೋಳ ಬಿಡಿಸುವ ಯಂತ್ರದ ಕೈಪಿಡಿಗೆ ಎರಡು ಕ್ಯಾಮೆರಾಗಳಿಂದ ಫೋಟೋಗಳು ಬಂದಿದ್ದವು. ಎರಡರಲ್ಲೂ ಕ್ಯಾಮೆರಾ ತಾನೇ ಕೊಟ್ಟ ‘ಐಎಂಜಿ-0012’ ಎಂಬ ಹೆಸರಿನ ಚಿತ್ರವಿತ್ತು. ಎಲ್ಲವೂ ಒಂದೆಡೆ ಇರಲೆಂದು ಎರಡೂ ಫೋಲ್ಡರುಗಳನ್ನು ಒಂದಾಗಿಸಿದೆ; ಹಳೆಯದರ ಜಾಗದಲ್ಲಿ ಹೊಸದನ್ನು ಇಡಬೇಕೇ ಎಂದು ಕಂಪ್ಯೂಟರ್ ಕೇಳಿದಾಗ ಅವಸರದಲ್ಲಿ ಹೌದು ಎಂದೆ. ಲಿಂಕ್‌ಗಳನ್ನು ಹೊಸ ಫೋಲ್ಡರಿಗೆ ಜೋಡಿಸಿದಾಗ ಇನ್‌ಡಿಸೈನ್ ಯಾವ ತಕರಾರನ್ನೂ ತೋರಿಸಲಿಲ್ಲ, ಏಕೆಂದರೆ ಹೆಸರು ಸರಿಯಾಗಿಯೇ ಇತ್ತು. ಬೆಲ್ಟಿಗೆ ಮುಚ್ಚಳ ಹಾಕಿರುವ ಚಿತ್ರ ಇರಬೇಕಾದ ಸುರಕ್ಷತೆಯ ಪುಟದಲ್ಲಿ, ಮುಚ್ಚಳ ಬಿಚ್ಚಿ ಬೆಲ್ಟ್ ಹೊರಗೆ ಕಾಣುತ್ತಿದ್ದ ದುರಸ್ತಿಯ ಚಿತ್ರ ಬಂದು ಕುಳಿತಿತ್ತು. ಎರಡನೆಯ ಪ್ರೂಫ್ ನೋಡಲು ಬಂದ ಮೆಕ್ಯಾನಿಕ್ ಒಬ್ಬರು ಅದನ್ನು ಗುರುತಿಸಿದರು. ಸುಗ್ಗಿಯ ಅವಸರದಲ್ಲಿ ಆ ಪುಟ ನೋಡಿ ಯಂತ್ರವನ್ನು ಚಾಲೂ ಮಾಡುವ ರೈತರ ಕೈಗಳನ್ನು ನೆನೆದರೆ ಈಗಲೂ ನನಗೆ ಕಸಿವಿಸಿಯಾಗುತ್ತದೆ.

ಅಂದಿನಿಂದ ‘ಮೂಲ’ದಿಂದ ‘ಚಿತ್ರ’ಕ್ಕೆ ಬರುವ ಪ್ರತಿಯೊಂದು ಚಿತ್ರಕ್ಕೂ ಅದರಲ್ಲಿ ಏನಿದೆಯೋ ಅದನ್ನೇ ಹೆಸರಾಗಿ ಇಡುತ್ತೇನೆ: ‘ಸುರಕ್ಷತೆ-ಬೆಲ್ಟ್-ಮುಚ್ಚಳ-ಹಾಕಿದ್ದು’, ‘ದುರಸ್ತಿ-ಬೆಲ್ಟ್-ಮುಚ್ಚಳ-ತೆಗೆದದ್ದು’. ಪುಸ್ತಕದಲ್ಲಿ ಅಚ್ಚಾಗುವ ಚಿತ್ರಸಂಖ್ಯೆಯನ್ನು ಕಡತದ ಹೆಸರಿಗೆ ಸೇರಿಸಬಾರದು. ನಡುವೆ ಒಂದು ಚಿತ್ರ ಹೆಚ್ಚಾದರೂ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ, ಕಡತಗಳ ಹೆಸರುಗಳು ಮಾತ್ರ ಹಳೆಯ ಸಂಖ್ಯೆಯಲ್ಲಿಯೇ ಉಳಿದು ದಾರಿ ತಪ್ಪಿಸುತ್ತವೆ.

ಚಿತ್ರಗಳ ಗುಣಮಟ್ಟವನ್ನೂ ‘ಮೂಲ’ದಲ್ಲಿರುವಾಗಲೇ ನೋಡಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದ್ದು ಕುಗ್ಗಿ ಬರುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿದರೆ ಮೂಲವೇ ಬರುತ್ತದೆ. 1600 ಪಿಕ್ಸೆಲ್ ಅಗಲದ ಚಿತ್ರ ಅಚ್ಚಿಗೆ ಬೇಕಾದ ಇಂಚಿಗೆ 300 ಪಿಕ್ಸೆಲ್‌ನಂತೆ ಸುಮಾರು 13.5 ಸೆಂಟಿಮೀಟರ್ ಅಗಲಕ್ಕೆ ಮಾತ್ರ ಸಾಲುತ್ತದೆ ಎಂಬ ಲೆಕ್ಕವನ್ನು ಗ್ರಾಹಕರ ಎದುರಿಗೇ ಮಾಡಿ ತೋರಿಸುವುದು ಒಳ್ಳೆಯದು. ಚಿತ್ರಗಳು ವರ್ಡ್ ಕಡತದೊಳಗೆ ಮಾತ್ರ ಇದ್ದರೆ, ಆ ಡಾಕ್ಸ್ (.docx) ಕಡತದ ಒಂದು ಪ್ರತಿಯ ಹೆಸರಿನ ಕೊನೆಯನ್ನು ಜಿಪ್ (.zip) ಎಂದು ಬದಲಿಸಿ ಬಿಚ್ಚಿದಾಗ ಮೀಡಿಯಾ ಎಂಬ ಫೋಲ್ಡರಿನಲ್ಲಿ ಅವೆಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ.

ಇನ್ನು ಪುಟಗಳು. ಪ್ರತಿ ಅಧ್ಯಾಯವೂ ಒಂದು ಪ್ರತ್ಯೇಕ ಕಡತವಾಗಿರಲಿ, ಅವುಗಳನ್ನು ಪುಸ್ತಕದ ಕಡತವೊಂದು ಕೂಡಿಸಲಿ. ಒಂದು ಕಡತ ಕೆಟ್ಟರೂ ಉಳಿದವು ಸುರಕ್ಷಿತವಾಗಿರುತ್ತವೆ; ಇಬ್ಬರು ಆಪರೇಟರ್‌ಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡಬಹುದು. ಕಡತಗಳಿಗೆ 010, 020, 030 ಎಂದು ಹತ್ತು ಹತ್ತು ಬಿಟ್ಟು ಸಂಖ್ಯೆ ಕೊಟ್ಟರೆ, ನಡುವೆ ಹೊಸ ಅಧ್ಯಾಯ ಬಂದಾಗ 025 ಎಂದು ಸೇರಿಸಬಹುದು. ಪುಟಸಂಖ್ಯೆ, ಅಧ್ಯಾಯ ಸಂಖ್ಯೆಗಳನ್ನು ಅಧ್ಯಾಯಗಳ ಪಟ್ಟಿಯನ್ನು ತೋರಿಸುವ ಪುಸ್ತಕದ ಫಲಕದಲ್ಲಿರುವ ಕ್ರಮದಂತೆ ತಂತ್ರಾಂಶವೇ ಹಾಕುವಂತೆ ಹೊಂದಿಸಬೇಕು. ಅಧ್ಯಾಯದ ಕಡತವನ್ನು ಹೊರಗಿನಿಂದ ಮರುನಾಮಕರಣ ಮಾಡಿದರೆ ಪುಸ್ತಕಕ್ಕೆ ಅದು ಸಿಗುವುದಿಲ್ಲ, ಆ ಅಧ್ಯಾಯಕ್ಕೆ ಬೇರೆ ಅಧ್ಯಾಯಗಳಲ್ಲಿ ಕೊಟ್ಟ ‘ಪುಟ ಇಷ್ಟು ನೋಡಿ’ ಎಂಬ ಉಲ್ಲೇಖಗಳೂ ತಪ್ಪುತ್ತವೆ.

ಸ್ಟೈಲ್‌ಗಳಿಗೆ, ಅಂದರೆ ಶೀರ್ಷಿಕೆ, ಪಠ್ಯ ಮೊದಲಾದವುಗಳ ಅಕ್ಷರವಿನ್ಯಾಸಕ್ಕೆ ಹೆಸರಿಟ್ಟು ಉಳಿಸಿದ ಹೊಂದಿಕೆಗಳಿಗೆ, ಒಂದೇ ಕಡತವನ್ನು ಮೂಲವೆಂದು ಗೊತ್ತುಪಡಿಸಿ, ತಿದ್ದುಪಡಿಗಳನ್ನು ಅಲ್ಲಿಯೇ ಮಾಡಿ, ಬಳಿಕ ಸಿಂಕ್ರೊನೈಸ್ ಮಾಡಿ ಉಳಿದ ಅಧ್ಯಾಯಗಳಿಗೂ ಹರಡಬೇಕು. ಈ ಕ್ರಿಯೆ ಹೆಸರು ಹೊಂದುವ ಸ್ಟೈಲ್‌ಗಳನ್ನು ಮಾತ್ರ ಬದಲಿಸುತ್ತದೆ. ‘ಶೀರ್ಷಿಕೆ1’ ಮತ್ತು ನಡುವೆ ಖಾಲಿ ಜಾಗವಿರುವ ‘ಶೀರ್ಷಿಕೆ 1’ ಅದಕ್ಕೆ ಎರಡು ಬೇರೆ ಸ್ಟೈಲ್‌ಗಳು. ಯೂನಿಕೋಡ್ ಕನ್ನಡವಾದರೆ ಮೂಲ ಪ್ಯಾರಾಗ್ರಾಫ್ ಸ್ಟೈಲಿನಲ್ಲಿಯೇ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಂಡಿರಬೇಕು. ಇಲ್ಲವಾದರೆ ಒತ್ತಕ್ಷರಗಳು ಒಡೆಯುತ್ತವೆ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬಂದ ಪಠ್ಯವನ್ನು ‘ಪಠ್ಯ’ದ ಹಂತದಲ್ಲಿಯೇ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ ತಿದ್ದಿಕೊಳ್ಳಬೇಕು. ಆಸ್ಕಿಯಲ್ಲಿಯೇ ಮುಂದುವರಿದರೆ ಪದಸೂಚಿ ಕನ್ನಡದ ಅಕಾರಾದಿಯಲ್ಲಿ ಬರುವುದಿಲ್ಲ, ಪಿಡಿಎಫ್‌ನಲ್ಲಿ ಪದ ಹುಡುಕಿದರೂ ಸಿಗುವುದಿಲ್ಲ.

ದಿನದ ಕೆಲಸ ಮುಗಿದ ಮೇಲೆ ಇಡೀ ಫೋಲ್ಡರಿನ ಒಂದು ಪ್ರತಿಯನ್ನು ದಿನಾಂಕ ಹಾಕಿ ಬೇರೊಂದು ಡಿಸ್ಕಿಗೆ ಸೇರಿಸಬೇಕು. ‘ಫೈನಲ್’, ‘ಫೈನಲ್ ಹೊಸದು’ ಎಂಬ ಹೆಸರುಗಳಿಗೆ ‘ಪುಟ’ದಲ್ಲಿ ಜಾಗ ಕೊಡಬಾರದು. ಕೈಪಿಡಿ ಅಚ್ಚಿಗೆ ಹೋದ ದಿನ ಪುಸ್ತಕದ ಫಲಕದಿಂದ ಪ್ಯಾಕೇಜ್ ಮಾಡಿ (ಪುಟ, ಚಿತ್ರ, ಫಾಂಟ್‌ಗಳನ್ನು ಒಂದೇ ಫೋಲ್ಡರಿಗೆ ಕೂಡಿಸಿ), ಇನ್‌ಡಿಸೈನ್‌ನ ಹಳೆಯ ಆವೃತ್ತಿಗಳಲ್ಲಿಯೂ ತೆರೆಯುವ ಐಡಿಎಂಎಲ್ ಪ್ರತಿಯನ್ನೂ ಜೊತೆಗಿಟ್ಟು, ಆ ಫೋಲ್ಡರನ್ನು ಈ ಕೆಲಸವನ್ನು ಎಂದೂ ಕಾಣದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಅಲ್ಲಿ ಒಂದೂ ಲಿಂಕ್ ಕಡಿಯದೆ, ಒಂದೂ ಫಾಂಟ್ ಕಾಣೆಯಾಗದೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ತೆರೆದುಕೊಂಡರೆ ಮಾತ್ರ ನಾನು ಬಿಲ್ ಬರೆಯುತ್ತೇನೆ.